ಕವಲುಕೊಂಬಿನ ಕೈಗವಸು

ಬಂಡೆಯ ಮೇಲಿನ ಇಬ್ಬನಿ ಪೂರ್ತಿ ಆರಿದ ಮೇಲೆಯೇ ಮೀನು ಹಾಸಬೇಕು. ಗುರೀನ ಬಗ್ಗಿ ಅಂಗೈಯನ್ನು ಕಲ್ಲಿಗೆ ಒತ್ತಿ ನೋಡಿದಳು. ಒಂಬತ್ತು ವರ್ಷದಿಂದ ಈ ಬಂಡೆಗಳ ಮೇಸ್ತ್ರಿ ಅವಳೇ.

"ಹೂಂ, ಹಾಸ್ರಿ."

ಹದಿನಾಲ್ಕು ಹೆಂಗಸರು ಸೊಂಟ ಬಗ್ಗಿಸಿದರು. ಸೀಳಿ ಉಪ್ಪು ಹಚ್ಚಿದ್ದ ಕಾಡ್ ಮೀನುಗಳು ಒಂದೊಂದಾಗಿ ಬಂಡೆಯ ಮೇಲೆ ಮಲಗತೊಡಗಿದವು, ಚರ್ಮ ಕೆಳಗೆ, ಮಾಂಸ ಬಿಸಿಲಿಗೆ.

"ಚಿಕ್ಕಮ್ಮನ ಅಂಗೈ ಒಪ್ಪಿದ್ರೆ ಸೂರ್ಯನೂ ಒಪ್ಪಿದ ಹಾಗೆ," ಎಂದಳು ಮಾಲೇನ. "ಅದೇ ಅಂಗೈ ಒಂದು ಚಿಟಿಕೆ ಕಾಫಿಪುಡಿ ಹುಟ್ಟಿಸಿದ್ರೆ ಇನ್ನೂ ಚೆನ್ನಾಗಿತ್ತು. ಹುರಿದ ಬಟಾಣಿ ಕಷಾಯ ಕುಡಿದು ಕುಡಿದು ನನ್ನ ನಾಲಗೆ ಸತ್ತೇ ಹೋಯ್ತು."

"ನಿನ್ನ ನಾಲಗೆ ಸತ್ತಿದ್ರೆ ಊರಿಗೇ ಸಮಾಧಾನ ಆಗಿರೋದು. ಕೈ ಆಡಿಸು."

ನಗು ಎದ್ದಿತು. ಯುದ್ಧ ಮುಗಿದು ಐದು ವಾರವಾಗಿತ್ತು. ನಾರ್ವೆಯ ಈ ಕರಾವಳಿಯನ್ನು ಐದು ವರ್ಷ ಆಳಿದ್ದ ಜರ್ಮನ್ ಸೈನಿಕರು ಈಗ ತಾವೇ ಹಾಕಿದ ಬೇಲಿಯೊಳಗೆ ಕೈದಿಗಳಾಗಿ ಹಡಗು ಕಾಯುತ್ತಿದ್ದರು. ಅಂಗಡಿಗೆ ಕಾಫಿ ಇನ್ನೂ ಬಂದಿರಲಿಲ್ಲ. ಆದರೂ ಹೆಂಗಸರು ಹೀಗೆ ಗಟ್ಟಿಯಾಗಿ ನಗುವುದನ್ನು ಮತ್ತೆ ಕಲಿತಿದ್ದರು.

ಆ ನಗು ಒಮ್ಮೆಲೇ ನಿಂತಿತು. ಕೆಳಗಿನ ದಾರಿಯಿಂದ ಡಾಗ್ನಿ ಹತ್ತಿ ಬರುತ್ತಿದ್ದಳು, ಐದು ತಿಂಗಳ ಮಗುವನ್ನು ಶಾಲಿನಲ್ಲಿ ಎದೆಗೆ ಕಟ್ಟಿಕೊಂಡು. ಜರ್ಮನ್ನರಿಂದ ಬಿಡುಗಡೆಯಾದ ಮೂರನೇ ದಿನ ಊರಿನವರು ಅವಳನ್ನು ದೋಣಿಕಟ್ಟೆಗೆ ಎಳೆದು ತಂದು, ಕುರಿಯ ತುಪ್ಪಟ ತೆಗೆಯುವ ಕತ್ತರಿಯಿಂದ ತಲೆ ಬೋಳಿಸಿದ್ದರು. ಎವಾಲ್ಟ್ ಎಂಬ ಜರ್ಮನ್ ಸೈನಿಕನನ್ನು ಪ್ರೀತಿಸಿ ಅವನ ಮಗುವನ್ನು ಹೆತ್ತದ್ದು ಅವಳ ತಪ್ಪು.

"ಕೆಲಸ ಕೇಳೋಕೆ ಬಂದೆ, ಗುರೀನ ಚಿಕ್ಕಮ್ಮ."

"ಕೆಲಸವಾ?" ಮಾಲೇನ ನೆಟ್ಟಗೆ ನಿಂತಳು. "ನಿನಗೆ ಬರೋ ಕೆಲಸಕ್ಕೆ ಇಲ್ಲಿ ಜಾಗ ಇಲ್ಲ ಕಣೇ. ಹಾಸಿಗೆ ಬೇರೆ, ಬಂಡೆ ಬೇರೆ."

ಡಾಗ್ನಿ ಅತ್ತ ನೋಡಲಿಲ್ಲ. "ಗುರುವಾರ ಹಾಲ್ದೋರ್ ದೋಣಿ ಹೊರಡತ್ತೆ. ನನ್ನನ್ನ ನನ್ನಂಥೋರನ್ನ ಕೂಡಿಹಾಕೋ ದ್ವೀಪದ ಶಿಬಿರಕ್ಕೆ ಹಾಕ್ತಾರಂತೆ, ಮಗೂನ ಪಟ್ಟಣದ ಅನಾಥಾಲಯಕ್ಕೆ ಕೊಡ್ತಾರಂತೆ. ನನ್ನ ಕೈಯಲ್ಲೊಂದು ಕೆಲಸ ಇದ್ದು, ಊರಲ್ಲಿ ಮರ್ಯಾದೆ ಇರೋರು ಒಬ್ಬರು ನನ್ನ ಜವಾಬ್ದಾರಿ ಹೊತ್ರೆ ಬಿಟ್ಟುಬಿಡ್ತೀವಿ ಅಂತ ಊರ ಸಮಿತಿ ಹೇಳಿದೆ."

"ನನ್ನ ಹತ್ರ ಜಾಗ ಇಲ್ಲ."

"ಬೆರಿತ್ ಮದುವೆ ಆಗಿ ಹೋದ್ಲಲ್ಲ. ಅವಳ ಬಂಡೆ ಖಾಲಿ ಇದೆ."

"ನಿನಗಿಲ್ಲ ಅಂದೆ."

ಮಾಲೇನ ಮೀನು ಬಿಟ್ಟು ಹತ್ತಿರ ಬಂದಳು. ಈಗ ಅವಳ ದನಿಯಲ್ಲಿ ಕುಹಕವಿರಲಿಲ್ಲ. "ನನ್ನ ಗಂಡ ಅವರು ಕಡಲಲ್ಲಿ ಹಾಕಿದ ಸಿಡಿಗುಂಡಿಗೆ ಸಿಕ್ಕಿ ಸಮುದ್ರದ ತಳದಲ್ಲಿದಾನೆ. ಹೂಳೋಕೆ ಒಂದು ಬೆರಳೂ ಸಿಗಲಿಲ್ಲ. ನೀನು ಅದೇ ಅಂಗಿಯ ಗುಂಡಿ ಬಿಚ್ಚಿದೆಯಲ್ಲೇ. ಕೈ ನಡುಗಲಿಲ್ವಾ?"

"ನಡುಗಿತ್ತು, ಮಾಲೇನಕ್ಕ," ಎಂದಳು ಡಾಗ್ನಿ. "ಆದ್ರೂ ಬಿಚ್ಚಿದೆ. ಸುಳ್ಳು ಹೇಳಲ್ಲ."

ಡಾಗ್ನಿ ಗುರೀನಳ ಮುಖವನ್ನು ಒಂದು ಕ್ಷಣ ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಅವಳು ಬಂದ ದಾರಿಯಲ್ಲೇ ಇಳಿದು ಹೋದಳು.

ಆ ಬೆಳಗಿಡೀ ಗುರೀನ ಎಲ್ಲರ ಮೇಲೂ ಹರಿಹಾಯ್ದಳು. ಮೀನು ಓರೆಯಾಗಿದೆ ಎಂದಳು, ಒತ್ತಾಗಿದೆ ಎಂದಳು. ತಾನೇ ಸರಿಯಾಗಿ ಹಾಸಿದ್ದನ್ನು ಕಿತ್ತು ಎಸೆದಳು. ಡಾಗ್ನಿ ಬೈದಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಎಲ್ಲರೆದುರು ಹೇಳಬಹುದಾಗಿದ್ದ ಒಂದು ಮಾತು ಆ ಹುಡುಗಿಯ ಬಳಿ ಇತ್ತು. ಅದನ್ನು ಅವಳು ಹೇಳಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಮಗ ಸ್ವೆರ್ರೆ ಕಿಟಕಿಯ ಬಳಿ ಕೂತು ಬೇಯಿಸಿದ ಆಲೂಗೆಡ್ಡೆಯ ಸಿಪ್ಪೆ ಸುಲಿಯುತ್ತಿದ್ದ. ಕದ್ದು ರೇಡಿಯೋ ಇಟ್ಟುಕೊಂಡಿದ್ದನೆಂದು ಜರ್ಮನ್ನರು ಅವನನ್ನು ಹದಿಮೂರು ತಿಂಗಳು ಕೊಲ್ಲಿಯ ಆಚೆ ದಡದ ಕಲ್ಲುಗಣಿಯಲ್ಲಿ ದುಡಿಸಿದ್ದರು. ಅವನು ಮರಳಿ ಬಂದ ದಿನ ಊರು ವಾದ್ಯ ಊದಿ ಎದುರುಗೊಂಡಿತ್ತು. ಅವನ ಎದೆಯಲ್ಲಿ ಕಫ ಕಟ್ಟಿತ್ತು. ಬೆರಳು ಮಾತ್ರ ಹತ್ತೂ ಉಳಿದಿದ್ದವು. ಅವನ ಜೊತೆಗಿದ್ದವರಲ್ಲಿ ಹಲವರಿಗೆ ಉಳಿದಿರಲಿಲ್ಲ.

"ಡಾಗ್ನಿ ಬಂದಿದ್ಲಂತೆ," ಎಂದ.

"ಯಾರಂದ್ರು?"

"ಮಾಲೇನ. ಬೇಲಿ ಹತ್ರ ನಿಂತು ಊರಿಗೆಲ್ಲ ಸಾರಿ ಹೋದ್ಲು. ನೀನೇನಂದೆ?"

"ಏನನ್ಬೇಕಿತ್ತು? ನಿನ್ನನ್ನ ನಾಯಿ ಥರ ದುಡಿಸಿದೋರ ಜೊತೆ ಮಲಗಿದೋಳನ್ನ ಬಾ ತಾಯಿ ಅಂತ ಕರೀಬೇಕಿತ್ತಾ?"

ಸ್ವೆರ್ರೆ ಚಾಕು ಕೆಳಗಿಟ್ಟ. "ಅಮ್ಮ, ಗಣಿಯಲ್ಲಿ ನನಗೆ ಆ ಕೈಗವಸು ಯಾರು ತಂದು ಕೊಟ್ಟದ್ದು ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಾನು ಬಂದಾಗಿನಿಂದ ಇಬ್ಬರೂ ಅದರ ಮಾತೇ ಎತ್ತಿಲ್ಲ."

ಗುರೀನ ಒಲೆಯ ಕಡೆ ತಿರುಗಿ ನಿಂತಳು.

ಕಳೆದ ಡಿಸೆಂಬರಿನಲ್ಲಿ, ಗಣಿಯ ಕೈದಿಗಳು ಕೈಗೆ ಚಿಂದಿ ಸುತ್ತಿಕೊಂಡು ಕಲ್ಲು ಒಡೆಯುತ್ತಿದ್ದಾರೆ, ಬೆರಳು ಕಪ್ಪಾಗಿ ಉದುರುತ್ತಿವೆ ಎಂದು ಸುದ್ದಿ ಬಂದಿತ್ತು. ಗುರೀನ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಮೀನಿನ ಕೊಟ್ಟಿಗೆಯಲ್ಲಿ ತುಂಬು ಬಸುರಿ ಡಾಗ್ನಿಯನ್ನು ಮೂಲೆಗೆ ಕರೆದು, "ನಿನ್ನ ಆ ಹುಡುಗ ಗಣಿಯಲ್ಲೇ ಕಾವಲಿದಾನಲ್ಲ," ಎಂದಿದ್ದಳು. ಬೇರೆ ದಿನಗಳಲ್ಲಿ ಅವಳ ಹೆಸರೆತ್ತಿದರೆ ಉಗುಳುತ್ತಿದ್ದವಳು ಅಂದು ಅವಳ ಕೈ ಹಿಡಿದುಕೊಂಡಿದ್ದಳು. ಎವಾಲ್ಟ್ ಹಿಂಬಾಗಿಲಿನಿಂದ ಗುರೀನಳ ಅಡಿಗೆಮನೆಗೆ ಬಂದ. ಇಪ್ಪತ್ತೆರಡರ ಹುಡುಗ. ಟೋಪಿ ತೆಗೆದು ನಿಂತಿದ್ದ. ಅವಳು ಕೊಟ್ಟ ಗಂಜಿಯನ್ನು ತಟ್ಟೆ ಸವರಿ ತಿಂದು, ಅವಳು ಮಗನಿಗೆಂದು ಹೆಣೆದ ಕೈಗವಸುಗಳನ್ನು ಅಂಗಿಯೊಳಗೆ ತುರುಕಿಕೊಂಡು ಹೋಗಿದ್ದ.

ತಪ್ಪಾದದ್ದು ಹೆಣಿಗೆಯಲ್ಲಿ. ಈ ಕರಾವಳಿಯಲ್ಲಿ ಪ್ರತಿ ಮನೆತನಕ್ಕೂ ತನ್ನದೇ ಒಂದು ಹೆಣಿಗೆ. ಸಮುದ್ರ ಹೊರಗೆ ಹಾಕಿದ ಹೆಣವನ್ನೂ ಕೈಗವಸು ನೋಡಿ ಇಂಥ ಮನೆಯದು ಎಂದು ಗುರುತಿಸುತ್ತಾರೆ. ಗುರೀನಳ ಮನೆಯದು ಹಿಮಸಾರಂಗದ ಕವಲುಕೊಂಬು, ಬಿಳಿಯ ಮೇಲೆ ಕಪ್ಪು. ಸಾದಾ ಹೆಣೆಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಬಹುಶಃ ಕೇಳುತ್ತಿರಲಿಲ್ಲ, ಅಮ್ಮ ಕಳಿಸಿದ್ದೆಂದು ಮಗನಿಗೆ ತಿಳಿಯಬೇಕಿತ್ತು. ವಾರದ ನಂತರ, ಒಮ್ಮೆ ಮಗನ ಮುಖ ತೋರಿಸಿ ಎಂದು ಬೇಡಲು ಅವಳು ಗಣಿಯ ಬಾಗಿಲಿಗೆ ಹೋದಳು. ಅಧಿಕಾರಿ ಹೊರಗೆ ಬಂದ. ಅವಳ ಮುಖ ನೋಡಲಿಲ್ಲ, ಕೈ ನೋಡಿದ. ಕೈದಿಯೊಬ್ಬನ ಕೈಯಲ್ಲಿ ಅವನು ಕಂಡಿದ್ದ ಅದೇ ಕವಲುಕೊಂಬು ಅವಳ ಕೈಯಲ್ಲೂ ಇತ್ತು.

"ಅವತ್ತು ಸಂಜೆ ನಮ್ಮನ್ನ ಸಾಲಾಗಿ ನಿಲ್ಲಿಸಿದ್ರು," ಎಂದ ಸ್ವೆರ್ರೆ. "ಯಾರು ಕೊಟ್ಟದ್ದು ಹೇಳು, ಇಲ್ಲ ಅಂದ್ರೆ ನಿನ್ನಮ್ಮನ್ನೂ ಒಳಗೆ ಹಾಕ್ತೀವಿ ಅಂದ್ರು. ನಾನು ಬಾಯಿ ತೆರೆಯೋಕೆ ಮೊದಲೇ ಎವಾಲ್ಟ್ ಮುಂದೆ ಬಂದ. ಆ ಮನೆ ಅಂಗಳದ ಬಟ್ಟೆ ಹಗ್ಗದಿಂದ ನಾನೇ ಕದ್ದು ತಂದುಕೊಟ್ಟೆ, ಆ ಹೆಂಗಸಿಗೆ ಗೊತ್ತಿಲ್ಲ ಅಂದ. ಮೂರನೇ ದಿನ ಅವನನ್ನ ಯುದ್ಧದ ಮುಂಚೂಣಿಗೆ ಕಳಿಸಿದ್ರು. ಕೈಗವಸು ಕಿತ್ಕೊಳ್ಳೋಕೆ ಮರೆತ್ರು."

"ನೀನೂ ಅವನ ಪರ ಮಾತಾಡ್ತೀಯಾ?"

"ಇಲ್ಲ. ಅವನ ಪಕ್ಕದಲ್ಲೇ ನಿಂತು ನಮ್ಮನ್ನ ಹೊಡೆದೋರನ್ನ ನಾನು ಸಾಯೋವರೆಗೂ ಕ್ಷಮಿಸಲ್ಲ. ಅವನೊಬ್ಬ ನೆಟ್ಟಗಿದ್ದ ಅಂತ ಅವರೆಲ್ಲ ಒಳ್ಳೆಯೋರಾಗಲ್ಲ. ಆದ್ರೆ ಡಾಗ್ನಿ ನಮ್ಮವಳು, ಅಮ್ಮ. ನನ್ನ ಹೆಸರು ಹೇಳಿ ಅವಳ ತಲೆ ಬೋಳಿಸಿದ್ರು. ನಾನು ಒಳಗೆ ಮಲಗಿ ಕೂಗಾಟ ಕೇಳ್ತಿದ್ದೆ. ಎದ್ದು ಬರಲಿಲ್ಲ. ತಡೆದದ್ದು ಹೇಡಿತನ, ಕೆಮ್ಮು ಅಲ್ಲ."

ಗುರೀನ ಅಂದು ಕಟ್ಟೆಯ ಮೇಲೆಯೇ ಇದ್ದಳು. ಕತ್ತರಿ ಆಡುವಾಗ ಮಗುವಿಗೆ ತಾಗಬಾರದೆಂದು ಯಾರೋ ಅದನ್ನು ತಂದು ಅವಳ ತೋಳಿಗೇ ಹಾಕಿದ್ದರು. ತಾಯಿಯ ಕೂಗು ಕೇಳಿ ಮಗು ಚೀರುತ್ತಿತ್ತು. ಅವಳು ಅದರ ಮುಖವನ್ನು ಆಚೆ ತಿರುಗಿಸಿ ಹಿಡಿದು ಸುಮ್ಮನೆ ನಿಂತಿದ್ದಳು.

ಗುರುವಾರ ಹತ್ತು ಗಂಟೆಗೆ ಅವಳು ಮೀನು ಹಾಸುವುದನ್ನು ಅರ್ಧಕ್ಕೆ ಬಿಟ್ಟು, ಉಪ್ಪು ಮೆತ್ತಿದ ಏಪ್ರನ್‌ನಲ್ಲೇ ಕಟ್ಟೆಗೆ ಇಳಿದಳು. ಊರು ಆಗಲೇ ನೆರೆದಿತ್ತು. ಡಾಗ್ನಿ ದೋಣಿಯಲ್ಲಿ ಕೂತಿದ್ದಳು. ಅನಾಥಾಲಯದಿಂದ ಬಂದ ಹೆಂಗಸು ಎದುರಿಗೆ ಕೂತು ಮಗುವಿನ ಬಟ್ಟೆಗಂಟನ್ನು ಆಗಲೇ ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು. ಸಮಿತಿಯ ಮುಖ್ಯಸ್ಥ ಹಾಲ್ದೋರ್ ತೋಳಿಗೆ ಪಟ್ಟಿ ಕಟ್ಟಿಕೊಂಡು, ಶಿಬಿರಕ್ಕೆ ಹೋಗುವವರ ಹೆಸರಿದ್ದ ಕಾಗದ ಹಿಡಿದು ನಿಂತಿದ್ದ.

"ಆ ಕಾಗದದಲ್ಲಿ ನನ್ನ ಹೆಸರೂ ಬರ್ಕೋ," ಎಂದಳು ಗುರೀನ.

ಹಾಲ್ದೋರ್ ನಕ್ಕ. "ಈ ವಯಸ್ಸಲ್ಲಿ ನಿನಗ್ಯಾವ ಜರ್ಮನ್ ಗಂಟುಬಿದ್ದ, ಗುರೀನಕ್ಕ?"

"ಎವಾಲ್ಟ್. ಅವನೇ. ನಾನು ಹೇಳಿ ಕಳಿಸಿದೆ, ಬಂದ. ನನ್ನ ಅಡಿಗೆಮನೇಲಿ ಕೂರಿಸಿ ಗಂಜಿ ಬಡಿಸಿದೆ. ನನ್ನ ಮಗನಿಗೆ ಕೈಗವಸು ಒಯ್ದುಕೊಟ್ಟೋನು ಅವನು. ಗೊತ್ತು ಮಾಡಿಕೊಟ್ಟೋಳು ಇವಳು. ನನ್ನ ಹೆಣಿಗೆಯಿಂದಾನೇ ಅವನು ಸಿಕ್ಕಿಬಿದ್ದ."

ಜನರಲ್ಲಿ ಗುಜುಗುಜು ಎದ್ದಿತು. ಹಾಲ್ದೋರನ ನಗು ಮುಖದಲ್ಲೇ ಮಾಸಿತು. "ಅದು ಬೇರೆ. ಹೆತ್ತ ಕರುಳು. ಯಾರೂ ತಪ್ಪು ಅನ್ನಲ್ಲ."

"ಯಾಕೆ ಬೇರೆ? ಅವನಿಂದ ನಾನು ಮಗನನ್ನ ಉಳಿಸಿಕೊಂಡೆ, ಇವಳು ಮಗನನ್ನ ಪಡೆದಳು. ಇಬ್ಬರಿಗೂ ಅವನು ಬೇಕಾಗಿದ್ದ."

"ನೋಡಕ್ಕ, ಊರು ಕೊತಕೊತ ಕುದೀತಿದೆ. ಇವಳು ಇಲ್ಲೇ ಇದ್ರೆ ನಾಳೆ ಯಾರಾದ್ರೂ ಕಲ್ಲು ಎಸೀತಾರೆ. ಇವಳ ರಕ್ಷಣೆಗೇ ಕಳಿಸ್ತಿರೋದು."

"ಕಲ್ಲು ಎಸೆಯೋರನ್ನ ಕಳಿಸು ಹಾಗಾದ್ರೆ. ದೋಣಿ ನಿಂದೇ ಅಲ್ವಾ? ಜರ್ಮನ್ನರ ಫಿರಂಗಿ ಕಟ್ಟೆಗೆ ನಾಲ್ಕು ವರ್ಷ ಸಿಮೆಂಟ್ ಹೊತ್ತ ದೋಣಿ."

"ಬಂದೂಕು ತೋರಿಸಿ ಹೊರಿಸಿದ್ರು!" ಹಾಲ್ದೋರನ ಕುತ್ತಿಗೆ ಕೆಂಪೇರಿತು. "ಇವಳಿಗೆ ಯಾರು ಬಂದೂಕು ತೋರಿಸಿದ್ರು? ಹೇಳು!"

"ಯಾರೂ ಇಲ್ಲ. ಅವಳೇ ಒಪ್ಪಿ ಹೋದೆ ಅಂತಾಳೆ, ಮುಚ್ಚಿಡಲ್ಲ. ನೀನು ಹೆದರಿದ್ದೆ, ಸರಿ. ಹೆದರಿ ಹೆದರಿ ಮನೆಗೆ ಹೊಸ ಛಾವಣಿ ಹಾಕಿಸಿದೆಯಾ?"

ಯಾರೋ ಹಿಂದೆ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಗುರೀನ ಅತ್ತ ತಿರುಗಿದಳು. "ನಗ್ಬೇಡ್ರಿ. ಐದು ವರ್ಷ ನಾವು ಒಣಗಿಸಿದ ಮೀನು ಯಾರ ಹೊಟ್ಟೆಗೆ ಹೋಯ್ತು? ಕೂಲಿ ಬೇಡ ಅಂದೋರು ಯಾರಿದೀರಿ? ನಾನೂ ತಗೊಂಡೆ. ಕತ್ತರಿ ಆಡಿದ ದಿನ ಇವಳ ಮಗೂನ ಎತ್ತಿಕೊಂಡು ಬಾಯಿ ಹೊಲಿದುಕೊಂಡು ನಿಂತಿದ್ದೋಳು ನಾನೇ."

ಅವಳು ಲಂಗ ಎತ್ತಿಕೊಂಡು ದೋಣಿಗೆ ಇಳಿದು ಡಾಗ್ನಿಯ ಪಕ್ಕದಲ್ಲಿ ಕೂತಳು.

"ಇಳಿಯಕ್ಕ. ತಮಾಷೆ ಸಾಕು."

"ಹೊರಡಿಸು. ಸ್ವೆರ್ರೆಯ ತಾಯಿಯನ್ನ ಶಿಬಿರಕ್ಕೆ ಸಾಗಿಸಿದ ದೋಣಿ ಅಂತ ನಿನ್ನ ದೋಣಿಗೊಂದು ಹೆಸರಾಗ್ಲಿ."

ಹಾಲ್ದೋರ್ ಜನರ ಕಡೆ ನೋಡಿದ. ಜನ ಬೇರೆ ಕಡೆ ನೋಡುತ್ತಿದ್ದರು. ದಾರಿ ಬಿಟ್ಟುಕೊಟ್ಟವರ ನಡುವಿನಿಂದ ಸ್ವೆರ್ರೆ ಬರುತ್ತಿದ್ದ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ. ಕಟ್ಟೆಯ ಅಂಚಿಗೆ ಬಂದು, "ಅಮ್ಮ ಹೇಳಿದ್ದು ನಿಜ," ಎಂದ. "ಇನ್ನು ಮೇಲೆ ನನ್ನ ಹೆಸರು ಹೇಳಿ ಏನೂ ಮಾಡಬೇಡಿ."

ಹಾಲ್ದೋರ್ ಜೇಬಿನಿಂದ ಪೆನ್ಸಿಲ್ ತೆಗೆದ.

"ಕೆಲಸ ಕೊಡ್ತೀಯಾ?" ಎಂದ ಹಾಲ್ದೋರ್ ಕೊನೆಗೆ, ಕಾಗದದಿಂದ ಕಣ್ಣೆತ್ತದೆ. "ನಾಳೆ ಏನಾದ್ರೂ ಆದ್ರೆ ಜವಾಬ್ದಾರಿ ನಿಂದು."

"ನಂದೇ."

ಅವನು ಪೆನ್ಸಿಲ್‌ನಿಂದ ಒಂದು ಹೆಸರನ್ನು ಹೊಡೆದು ಹಾಕಿದ. ಕಾಗದ ಹರಿಯುವಷ್ಟು ಒತ್ತಿ ಹೊಡೆದ. ಅನಾಥಾಲಯದ ಹೆಂಗಸು ಬಟ್ಟೆಗಂಟನ್ನು ಮರಳಿಸಿದಳು.

ಜನ ಚದುರಿದ ಮೇಲೂ ಡಾಗ್ನಿ ದೋಣಿಯಿಂದ ಏಳಲಿಲ್ಲ. ಗುರೀನ ಕೈ ಚಾಚಿದಳು. ಡಾಗ್ನಿ ಆ ಕೈಯನ್ನು ಹಿಡಿಯಲಿಲ್ಲ.

"ಐದು ವಾರ," ಎಂದಳು ಡಾಗ್ನಿ. "ದಿನಾ ಬೆಳಗ್ಗೆ ಇವತ್ತು ಹೇಳ್ತೀರಿ, ಇವತ್ತು ಹೇಳ್ತೀರಿ ಅಂತ ಕಾದೆ."

"ನೀನೇ ಹೇಳಬಹುದಿತ್ತು."

"ನಾನು ಹೇಳಿದ್ರೆ ಯಾರು ನಂಬ್ತಿದ್ರು? ನೀವು ಇಲ್ಲ ಅಂದುಬಿಟ್ರೆ ಅಂತ ಭಯ ಇತ್ತು. ಅವನು ಯಾರಿಗೋಸ್ಕರ ಹೋದನೋ ಅವರೇ ಇಲ್ಲ ಅನ್ನೋದನ್ನ ನನಗೆ ಕೇಳೋಕಾಗ್ತಿರಲಿಲ್ಲ." ಅವಳು ಮಗುವನ್ನು ಎದೆಗೆ ಸರಿಮಾಡಿಕೊಂಡು ತಾನೇ ಎದ್ದಳು. "ಅವನು ಬದುಕಿದಾನೋ ಇಲ್ವೋ ಗೊತ್ತಿಲ್ಲ. ನಾಳೆ ಕೆಲಸಕ್ಕೆ ಬರ್ತೀನಿ, ಚಿಕ್ಕಮ್ಮ. ಮಾತಿಗೆ ಬರಲ್ಲ."

ಗುರೀನ ತಲೆಯಾಡಿಸಿದಳು. ಅದನ್ನು ಕೇಳಿಸಿಕೊಳ್ಳುವುದೂ ತನ್ನ ಪಾಲಿನದೇ ಎಂದು ಅವಳಿಗೆ ಅನ್ನಿಸಿತು.

ಮರುದಿನ ಡಾಗ್ನಿ ಏಳು ಗಂಟೆಗೆ ಬಂದಳು. ಮಗುವನ್ನು ಬುಟ್ಟಿಯಲ್ಲಿ ನೆರಳಿಗಿಟ್ಟು, ಬೆರಿತ್‌ಳ ಬಂಡೆಯ ಪಾಲಿನ ಮೀನು ತರಲು ಹೊರಟಳು. ಒದ್ದೆ ಮೀನನ್ನು ಹೊರುವುದು ಮರದ ಕೈಮಂಚದ ಮೇಲೆ. ಮುಂದೊಬ್ಬರು, ಹಿಂದೊಬ್ಬರು. ಒಬ್ಬರಿಂದ ಆಗುವ ಕೆಲಸವಲ್ಲ. ಡಾಗ್ನಿ ಮೀನು ಪೇರಿಸಿ, ಮುಂದಿನ ಹಿಡಿಗಳ ನಡುವೆ ಬೆನ್ನು ಮಾಡಿ ನಿಂತಳು. ಹದಿನಾಲ್ಕು ಹೆಂಗಸರಲ್ಲಿ ಒಬ್ಬರೂ ಹಿಂದಿನ ಹಿಡಿಗೆ ಬರಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಮೀನಿನ ಮೇಲೆ ಇದ್ದಕ್ಕಿದ್ದಂತೆ ಗಮನ ಬಂದಿತ್ತು. ಅವಳು ಹಾಗೆಯೇ ನಿಂತಿದ್ದಳು, ಸಮುದ್ರ ನೋಡುತ್ತ.

ಮೇಸ್ತ್ರಿ ಹೊರೆ ಹೊರುವ ಪದ್ಧತಿ ಇಲ್ಲ. ಒಂಬತ್ತು ವರ್ಷದಿಂದ ಗುರೀನಳ ಸೊಂಟ ಆ ಭಾರ ಕಂಡಿರಲಿಲ್ಲ. ಅವಳು ಬಂಡೆಯಿಂದ ಇಳಿದು ಬಂದು, ಕೈಮಂಚದ ಹಿಂದೆ ನಿಂತು, ಮೊಣಕಾಲು ಬಗ್ಗಿಸಿ ಹಿಡಿಗಳನ್ನು ಹಿಡಿದಳು.

ಹಲಗೆ ಅಲುಗಿದ್ದು ಡಾಗ್ನಿಗೆ ತಿಳಿಯಿತು. ಯಾರೆಂದೂ ತಿಳಿದಿರಬೇಕು. ಅವಳು ಹಿಂದಿರುಗಿ ನೋಡಲಿಲ್ಲ. ತಾನೂ ಮೊಣಕಾಲು ಬಗ್ಗಿಸಿ ಮುಂದಿನ ಹಿಡಿಗಳನ್ನು ಹಿಡಿದಳು.

"ಎತ್ತಿ," ಎಂದಳು.