ತಮ್ಮನ ಮುಂಬಾಗಿಲು

ಶೋವಾ ಚಕ್ರವರ್ತಿಯ ಆಳ್ವಿಕೆಯ ಮೂವತ್ತೆಂಟನೆಯ ವರ್ಷ, ಜನವರಿ ಹದಿನಾಲ್ಕರ ಬೆಳಿಗ್ಗೆ, ನಾನು ಬುದ್ಧನ ಮುಂದೆ ಅನ್ನದ ಬಟ್ಟಲಿಟ್ಟು ಗಂಟೆ ಬಾರಿಸುತ್ತಿದ್ದೆ. ಪಕ್ಕದ ಮನೆಯ ಮಾಳಿಗೆ ಕಿಟಕಿಯಿಂದ ತಮ್ಮನ ಹೆಂಡತಿ ಮಿಸಾವೊ ಕೂಗಿದಳು.

“ಭಾವ, ಇವ್ರು ಸೂರಿನ ಮೇಲೆ ಕಾಣ್ತಿಲ್ಲ. ಸಲಿಕೆ ಮಾತ್ರ ನಿಂತಿದೆ.”

ಸೂರಿನ ಹಿಮ ತಳ್ಳಲು ಹತ್ತಿದವರು ಜಾರಿ ಬಿದ್ದು ಹೂತುಹೋಗುವ ನಮ್ಮ ಎಚಿಗೊ ಸೀಮೆಯಲ್ಲಿ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೇರಿಯ ಐದು ಜನ ಸೇರಿ ಅಗೆದೆವು. ಮಧ್ಯಾಹ್ನದ ಹೊತ್ತಿಗೆ ತಮ್ಮ ತೋಮೆಜೊ ಸಿಕ್ಕಿದ. ಎರಡು ಮನೆಗಳ ನಡುವಿನ ಹಿಮದಲ್ಲಿ, ಮೊಣಕಾಲು ಮಡಿಸಿ, ಸ್ನಾನದ ತೊಟ್ಟಿಯಲ್ಲಿ ಕುಳಿತವನಂತೆ ಕುಳಿತಿದ್ದ.

ಸೂರಿಗೆ ಒಬ್ಬನೇ ಹತ್ತಬಾರದು. ಸೊಂಟಕ್ಕೆ ಹಗ್ಗ ಬಿಗಿಯಬೇಕು. ಕಾಲು ಊರಲು ಗೇಣುದ್ದ ಹಿಮ ಉಳಿಸಬೇಕು. ಇಷ್ಟನ್ನು ನಮ್ಮಲ್ಲಿ ಕೂಸುಗಳೂ ಬಲ್ಲವು. ಅವನೋ ಸೂರಿನ ಹಲಗೆ ಹೊಳೆಯುವಂತೆ ಕೆರೆದಿದ್ದ.

“ಅಷ್ಟು ಕೆರೀಬಾರ್ದಿತ್ತು. ಬುದ್ಧಿ ಇಲ್ದೋನು,” ಎಂದ ಎದುರುಮನೆಯ ಗೆನ್ಪಾಚಿ.

ಹಿಂದಿನ ಸಂಜೆ ಊರಿನ ಸ್ನಾನದ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ಇದೇ ಗೆನ್ಪಾಚಿ. ನಗಿಸಿದವನು ನಾನು. “ತೋಮೆ, ನಿನ್ನ ಸೂರು ಹಿಟ್ಟು ಸುರ್ಕೊಂಡ ಮುದುಕಿ ತಲೆ ಥರ ಇದೆಯಲ್ಲೋ! ನಿನಗಾಗದಿದ್ರೆ ಹೇಳು, ಮಿಸಾವೊನೇ ಹತ್ತಿಸೋಣ,” ಎಂದಿದ್ದೆ. ತಮ್ಮ ಬಕೆಟ್ಟು ತೊಳೆದು ಬೋರಲಿಟ್ಟು ಎದ್ದು ಹೋದ. ನನ್ನ ಜಾಣ್ಮೆಗೆ ನಾನೇ ಮೆಚ್ಚಿಕೊಂಡು ಇನ್ನೊಂದು ಚೊಂಬು ಬಿಸಿನೀರು ಸುರಿದುಕೊಂಡೆ.

ತಮ್ಮ ಸಿಕ್ಕ ಮರುದಿನ ನಡುಹಗಲಿಗೆ ಅಂತ್ಯಕ್ರಿಯೆಗೆಂದು ಗುಡಿಯ ಗುರುಗಳು ಬರುವವರಿದ್ದರು. ಹೆಣವನ್ನು ಹೇಗೆ ಹೊರಡಿಸುವುದೆಂಬ ಮಾತು ಬಂತು. ಆ ವರ್ಷದ ಹಿಮ ಮಾಳಿಗೆಯ ಕಿಟಕಿ ಮುಟ್ಟಿತ್ತು. ತೋಮೆಜೊನ ಮುಂಬಾಗಿಲು ಒಂದು ತಿಂಗಳಿಂದ ಹೂತುಹೋಗಿತ್ತು.

“ಕಿಟಕಿಯಿಂದ ಜಾರಿಸಿದ್ರೆ ನೆಟ್ಟಗೆ ಹೆಣ ಎಳೆಯೋ ಜಾರುಬಂಡಿ ಮೇಲೇ ಕೂರುತ್ತೆ,” ಎಂದ ಗೆನ್ಪಾಚಿ. “ಮೊನ್ನೆ ಅಕ್ಕಿ ಮೂಟೆ ಹಾಗೇ ತಾನೆ ಒಳಗೆ ಬಂದಿದ್ದು?”

ಅಕ್ಕಿ ಮೂಟೆ! ಉಳಿದವರೂ ತಲೆಯಾಡಿಸಿದರು. ಒಲೆಯ ಮೇಲೆ ಸಾಕೆ ಎಂಬ ಅಕ್ಕಿಯ ಹೆಂಡ ಬಿಸಿಯಾಗುತ್ತಿತ್ತು, ಅದರ ವಾಸನೆಗೆ ಇಂಥ ವಿವೇಕವೆಲ್ಲ ತಾನಾಗಿ ಒದಗುತ್ತದೆ.

ಮಿಸಾವೊ ನನ್ನ ಕಡೆ ತಿರುಗಿದಳು. “ಭಾವ, ತಿಂಗಳಿಡೀ ಇವ್ರು ಕಿಟಕಿಯಲ್ಲೇ ನುಸುಳಿದ್ರು. ನೀವೂ ಕಳ್ಳಬೆಕ್ಕು ಅಂತ ಆಡ್ಕೊಂಡ್ರಿ. ಕಡೆಗೊಂದು ಸಲ ಬಾಗಿಲಿಂದ ಹೋಗ್ಲಿ. ನಾನು ಬೇರೇನೂ ಕೇಳಲ್ಲ.”

ಸಾವಿನ ಮನೆಯವರು ಸಲಿಕೆ ಮುಟ್ಟುವಂತಿಲ್ಲ. ದಾರಿ ಬಿಡಿಸುವುದು ಕೇರಿಯವರ ಪಾಲಿನ ಕೆಲಸ. ಅವರು ಇಳಿದರು. ಒಂದು ಗಂಟೆ ಅಗೆದು, ಆಳುದ್ದದ ಗುಂಡಿ ತೋಡಿ, ಬೆವರೊರೆಸಿಕೊಂಡು ಒಳಗೆ ಬಂದು ಒಲೆಯ ಸುತ್ತ ಕುಳಿತರು.

“ಕಲ್ಲಾಗಿದೆ ಕಣಣ್ಣ,” ಎಂದ ಗೆನ್ಪಾಚಿ, ಬಟ್ಟಲು ಚಾಚುತ್ತ. “ಆಕಾಶದಿಂದ ಬಿದ್ದ ಹಿಮ ಇಷ್ಟು ಗಟ್ಟಿ ಇರಲ್ಲ. ಇದು ಸೂರಿಂದ ತಳ್ಳಿದ್ದು. ಒಳಗೆಲ್ಲ ಕರೀ ಹುಲ್ಲು ಬೇರೆ.”

ತೋಮೆಜೊನ ಸೂರು ಹಲಗೆಯದು. ಆ ಸಾಲಿನಲ್ಲಿ ಹುಲ್ಲು ಹೊದಿಸಿದ ಸೂರು ನನ್ನದೊಂದೇ.

ಅವರವರ ಸೂರಿನ ಹಿಮ ಅವರವರ ಅಂಗಳಕ್ಕೆ ಎಂಬುದು ಊರಿನ ಕಟ್ಟು. ನನ್ನ ಅಂಗಳದಲ್ಲಿ ಪರ್ಸಿಮನ್ ಹಣ್ಣಿನ ಗಿಡವಿದೆ, ಕೊಂಬೆ ಮುರಿಯುತ್ತದೆ ಎಂದು ಮೂವತ್ತು ಚಳಿಗಾಲ ನಾನು ತಮ್ಮನ ಬಾಗಿಲ ಕಡೆಗೇ ತಳ್ಳಿದೆ. ಕಿರಿಯವನು, ಏಕೆಂದು ಕೇಳಲಾರ. ಅವನು ಕೇಳಲೂ ಇಲ್ಲ. ಪ್ರತಿ ಬೆಳಿಗ್ಗೆ ಅಗೆದು ಹಾಕುತ್ತಿದ್ದ. ಈ ವರ್ಷ ಅವನ ಕೈ ಸೋತಿತು. ದಿನಕ್ಕೆ ಎರಡು ಹೊತ್ತು ಬುದ್ಧನ ಮುಂದೆ ಕಣ್ಣು ಮುಚ್ಚುವ ಭಕ್ತ ನಾನು; ಕಣ್ಣು ತೆರೆದಾಗ ಮಾಡುತ್ತಿದ್ದುದು ಇದು.

ತಮ್ಮನ ಸಲಿಕೆ ತೆಗೆದುಕೊಂಡು ಗುಂಡಿಗೆ ಇಳಿದೆ.

“ಅಣ್ಣ, ನೀನು ಮುಟ್ಟಬಾರ್ದು! ಸೂತಕ!” ಎಂದು ಗೆನ್ಪಾಚಿ ಮೇಲಿಂದ ಕೂಗಿದ. “ಎಪ್ಪತ್ತೊಂದಾಯ್ತು ನಿನಗೆ. ನಾಳೆ ಎರಡು ಪೆಟ್ಟಿಗೆ ಮಾಡಿಸ್ಬೇಕಾ?”

“ಮಾಡಿಸು. ನನ್ನದನ್ನ ಕಿಟಕಿಯಿಂದ ಎಸಿ. ಅಕ್ಕಿ ಮೂಟೆಗೆ ಅದೇ ಸಾಕು.”

ಹೊತ್ತು ಮುಳುಗುವವರೆಗೆ ಅಗೆದೆ. ಬೆಳಕು ಹರಿದ ಮೇಲೆ ಮತ್ತೆ ಹಿಡಿದೆ. ಪದರ ಪದರಕ್ಕೂ ನನ್ನ ಸೂರಿನ ಹುಲ್ಲುಕಡ್ಡಿ ಸಿಕ್ಕಿತು. ಹಿಮವೆಲ್ಲವನ್ನೂ ಬುಟ್ಟಿಯಲ್ಲಿ ಮೇಲೆತ್ತಿ ನನ್ನ ಅಂಗಳಕ್ಕೇ ಸುರಿದೆ. ಪರ್ಸಿಮನ್ ಗಿಡದ ದೊಡ್ಡ ಕೊಂಬೆ ಸದ್ದು ಮಾಡಿ ಮುರಿಯಿತು. ನಾನು ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಗೆನ್ಪಾಚಿ ಇಳಿದು ಬಂದು ನನ್ನ ಪಕ್ಕದಲ್ಲಿ ಅಗೆಯತೊಡಗಿದ. “ನಾನೂ ನಕ್ಕಿದ್ದೆ,” ಎಂದ. “ಗೊತ್ತು. ಅಗೆ,” ಎಂದೆ.

ಜಾರುಬಾಗಿಲು ಹಿಮದ ಭಾರಕ್ಕೆ ಬಗ್ಗಿ ಪಕ್ಕಕ್ಕೆ ಸರಿಯಲೊಲ್ಲದು. ಇಬ್ಬರೂ ಹೆಗಲು ಕೊಟ್ಟು ಮೇಲೆತ್ತಿದಾಗ ಕಿರುಗುಟ್ಟಿ ಸರಿಯಿತು. ಒಳಗೆ ಹೊಸಿಲಿನ ಬಳಿ ತಮ್ಮನ ಹುಲ್ಲಿನ ಪಾದರಕ್ಷೆ, ಮೂತಿ ಹೊರಗೆ ಮಾಡಿ, ಜೋಡಿಸಿಟ್ಟಿತ್ತು.

ನಡುಹಗಲಿಗೆ ಬಂದ ಗುರುಗಳು ಬೊಬ್ಬೆ ಎದ್ದ ನನ್ನ ಕೈ ನೋಡಿದರು. “ಸೂತಕದವರು ಸಲಿಕೆ ಮುಟ್ಟಬಾರ್ದಿತ್ತಲ್ಲ,” ಎಂದರು.

“ಮುಟ್ಟಬಾರದಾಗ ಮೂವತ್ತು ವರ್ಷ ಮುಟ್ಟಿದೀನಿ, ಗುರುಗಳೇ. ಇದೊಂದು ಲೆಕ್ಕಕ್ಕಿಲ್ಲ.”

ಹಿಮದಲ್ಲಿ ಕಡಿದ ಹನ್ನೊಂದು ಮೆಟ್ಟಿಲು ಹತ್ತಿ ನನ್ನ ತಮ್ಮ ತನ್ನ ಬಾಗಿಲಿಂದ ಹೊರಟ. ಮಿಸಾವೊ ಹೊಸಿಲಲ್ಲಿ ನಿಂತು ತಲೆಬಾಗಿದಳು, ದಿನವೂ ಕೆಲಸಕ್ಕೆ ಕಳಿಸುವವಳಂತೆ.

ಅಮಿದಾ ಬುದ್ಧನೇ, ನನ್ನ ನಾಲಗೆಯ ಪಾಪವನ್ನು ನನ್ನಲ್ಲೇ ಇಡು. ತೋಮೆಜೊನನ್ನು ನಿನ್ನ ಪಶ್ಚಿಮದ ಪುಣ್ಯಭೂಮಿಗೆ ಕರೆದುಕೋ. ಅಲ್ಲಿ ಅವನ ಬಾಗಿಲು ತೆರೆದೇ ಇರಲಿ. ಅವನ ಕೈಗಳಿಗೆ ವಿಶ್ರಾಂತಿ ಸಿಗಲಿ. ಅವನಿಗೆ ಶಾಂತಿ ಕೊಡು.