ಹಸಿರು ಕಾರಿಗೆ ಪೆಟ್ಟು ಬಿದ್ದದ್ದೆಲ್ಲಿ

ಮೆರಿಲ್ ಓಸ್ಟ್‌ಬಿ ವಿಮೆ ಕಂಪನಿಯಲ್ಲಿ ಮೂವತ್ತೊಂದು ವರ್ಷ ಮಾಡಿದ್ದು ಒಂದೇ ಕೆಲಸ. ಅಪಘಾತವಾದ ಗಾಡಿಯ ಸುತ್ತ ಒಂದು ಸುತ್ತು ಬಂದು, ಇದು ರಿಪೇರಿಗೋ ಗುಜರಿಗೋ ಅಂತ ಹೇಳುವುದು. ಅವನು ಗುಜರಿ ಅಂದರೆ ಮುಗಿಯಿತು, ಗಾಡಿಯ ಕಾಗದದ ಮೇಲೆ ಮುದ್ರೆ ಬೀಳುತ್ತಿತ್ತು. ಆಮೇಲೆ ಎಂಥ ಕುಶಲಿ ಕೂತು ಎಷ್ಟೇ ಚೆನ್ನಾಗಿ ಸರಿಮಾಡಲಿ, ಆ ಗಾಡಿಯ ಹೆಸರಿಗೆ ಅಂಟಿದ ಮಸಿ ಹೋಗುವುದಿಲ್ಲ. ಅಂಥ ಗಾಡಿ ಕೊಳ್ಳಲು ಹೊರಟವರು ಸಲಹೆ ಕೇಳಿದರೆ, “ದುಡ್ಡು ಕೊಟ್ಟು ದೆವ್ವ ತರ್ತೀರಾ?” ಅಂತ ಬೈದು ಕಳಿಸುತ್ತಿದ್ದ ಮನುಷ್ಯ. ಈಗ, ನಿವೃತ್ತನಾಗಿ ಎರಡು ವರ್ಷ ಆದ ಮೇಲೆ, ಮೇ ತಿಂಗಳ ಒಂದು ಶನಿವಾರ ಬೆಳಗ್ಗೆ ತಾನೇ ಅಂಥದೊಂದು ದೆವ್ವ ತರಲು ಸರೋವರದ ದಂಡೆಯ ಊರಾದ ಟೂ ಹಾರ್ಬರ್ಸ್‌ಗೆ ಬಂದು, ಸಿಗ್ನಿ ಹಾಲ್ವರ್ಸನ್ ಎಂಬ ಮುದುಕಿಯ ಮನೆ ಮುಂದೆ ಟ್ರಕ್ಕು ನಿಲ್ಲಿಸಿದ. ನಗುವವರು ನಗಲಿ ಬಿಡಿ.

“ನಾಲ್ಕನೆಯವನು ನೀನು,” ಅಂದಳು ಸಿಗ್ನಿಯಮ್ಮ, ಬಾಗಿಲಲ್ಲೇ. ಎಪ್ಪತ್ತೊಂಬತ್ತು ವರ್ಷ, ನೆಟ್ಟಗಿನ ಬೆನ್ನು, ಕಾಲಲ್ಲಿ ಗಂಡನ ಹಳೇ ಬೂಟು. “ಹಿಂದಿನ ಮೂರೂ ಜನ ಹತ್ತು ನಿಮಿಷ ನೋಡಿ, ಅಲ್ಲಿ ಡೊಂಕು ಇಲ್ಲಿ ಡೊಂಕು ಅಂತ ಇಲ್ಲದ್ದೆಲ್ಲ ಹೇಳಿ ಬೆಲೆ ಇಳಿಸೋಕೆ ನೋಡಿದ್ರು. ಓಡಿಸಿಬಿಟ್ಟೆ. ನೀನೂ ಅದೇ ಜಾತಿನಾ?”

“ನಾನು ಬೆಲೆ ಕೇಳೋಕೆ ಬಂದಿಲ್ಲಮ್ಮ. ನೀವು ಹೇಳಿದ್ದೇ ಬೆಲೆ. ಆದರೆ ಪೆಟ್ಟು ಎಲ್ಲಿ ಬಿದ್ದಿತ್ತು ಅಂತ ಗೊತ್ತಾಗದೆ ನಾನು ತಗೊಳ್ಳಲ್ಲ. ಮಾರಾಟದ ಕಾಗದದಲ್ಲಿ ಅದನ್ನ ಬರೀಬೇಕು. ಮೂವತ್ತು ವರ್ಷ ವಿಮೆ ಕಂಪನಿಗೆ ಗಾಡಿ ನೋಡಿದವನು, ನನ್ನ ಪದ್ಧತಿ ಹಾಗೆ.”

“ಗೊತ್ತಾಗದೇ ಇದ್ರೆ?”

“ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್ ಹೋಗ್ತೀನಿ.”

ಮುದುಕಿಗೆ ಈ ಮಾತು ಹಿಡಿಸಿತು. ಬೀಗದಕೈ ತೆಗೆದುಕೊಂಡು ಮುಂದೆ ನಡೆದಳು.

ಮೆರಿಲ್ ಎದುರು ಗ್ಯಾರೇಜಿನ ಬಾಗಿಲು ಮೇಲೆ ಹೋಯಿತು. ಅರವತ್ತೈದನೇ ಇಸವಿಯ ಇಂಗ್ಲಿಷ್ ಕಾರು. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, ಬಾಟಲಿಯಂಥ ಕಡುಹಸಿರು ಬಣ್ಣ. ಅವನು ಹನ್ನೆರಡರ ಹುಡುಗನಾಗಿದ್ದಾಗ ಡುಲೂತ್‌ನ ಏರುರಸ್ತೆಯಲ್ಲಿ ಇಂಥದೇ ಒಂದು ಅವನ ಸೈಕಲ್ಲಿನ ಪಕ್ಕ ಬುರ್ರನೆ ಹಾದುಹೋಗಿತ್ತು. ಅವತ್ತಿನಿಂದ ಐವತ್ತು ವರ್ಷ ಬೇಕು ಬೇಕು ಅಂದುಕೊಂಡೇ ಪಿಕಪ್ ಟ್ರಕ್ಕುಗಳಲ್ಲಿ ಓಡಾಡಿದ್ದ. ಈಗ ಅದು ಕೈಗೆಟುಕುವಷ್ಟು ಹತ್ತಿರ ಇತ್ತು, ಮತ್ತು ಅದರ ಕಾಗದದ ಮೇಲೆ ಗುಜರಿ ಅಂತ ಇತ್ತು.

ಚಾಲಕನ ಪಕ್ಕದ ಬಲಗಡೆ ಸೀಟಿನ ಮೇಲೆ ಒಂದು ದೊಡ್ಡ ಕಬ್ಬಿಣದ ಉಪಕರಣದ ಪೆಟ್ಟಿಗೆ ಕೂತಿತ್ತು. ಅದಕ್ಕೆ ಬೆಲ್ಟು ಬೇರೆ ಕಟ್ಟಿತ್ತು.

“ಅವರು ಯಾರು?” ಅಂದ ಮೆರಿಲ್ ತಮಾಷೆಗೆ.

“ಅವರು ನನ್ನ ಜಾಗದಲ್ಲಿ ಕೂತವರು.” ಸಿಗ್ನಿಯಮ್ಮ ನಗಲಿಲ್ಲ. “ನಲವತ್ತು ವರ್ಷ ಆಯ್ತಪ್ಪ. ನನ್ನ ಗಂಡ ಆರ್ವಿಡ್ ಈ ಊರಿಗೇ ಒಳ್ಳೇ ಬಾಡಿ ಕೆಲಸದವನು. ಚಪ್ಪಟೆಯಾದ ಗಾಡಿ ಕೊಟ್ರೆ ಅಂಗಡಿಯಿಂದ ತಂದ ಹಾಗೆ ಮಾಡಿ ಕೊಡ್ತಿದ್ದ. ಎಂಬತ್ತಮೂರನೇ ಇಸವಿಯಲ್ಲಿ ಈ ಕಾರಿಗೆ ಪೆಟ್ಟಾಯ್ತು. ವಿಮೆಯವರು ಗುಜರಿ ಅಂದ್ರು. ಇವನು ಅವರ ಹತ್ರನೇ ಗುಜರಿ ರೇಟಿಗೆ ವಾಪಸ್ ತಗೊಂಡು, ನಾಲ್ಕು ವರ್ಷ ಕೂತು ಸರಿಮಾಡಿದ. ಅದು ಮನೆಗೆ ಬಂದ ದಿನ ನಾನು ತಲೆಗೆ ಸ್ಕಾರ್ಫು ಕಟ್ಕೊಂಡು ಗೇಟಲ್ಲಿ ನಿಂತಿದ್ದೆ, ಒಂದು ಸುತ್ತು ಕರ್ಕೊಂಡು ಹೋಗ್ತಾನೆ ಅಂತ. ‘ಬೇಡ, ಟ್ರಕ್ಕಲ್ಲಿ ಹೋಗೋಣ’ ಅಂದ. ಮಾರನೇ ದಿನ ಈ ಪೆಟ್ಟಿಗೆ ತಂದು ಕೂರಿಸಿದ. ಅವತ್ತಿಂದ ಹೋದ ವರ್ಷ ಸಾಯೋವರೆಗೆ ಒಂದೇ ಒಂದು ಸಲ ನನ್ನ ಇದರಲ್ಲಿ ಕೂರಿಸಲಿಲ್ಲ.”

“ಯಾಕೆ ಅಂತ ಕೇಳಲಿಲ್ವಾ?”

“ಕೇಳದೇ ಇರ್ತೀನಾ? ಅವನಿಗೆ ಒಂದು ಮಾತಿಗೆ ಎರಡು ಪದ ಸಾಕಪ್ಪ. ಮೂರನೇದು ದುಂದುವೆಚ್ಚ. ‘ಬಿಡು ಸಿಗ್ನಿ’ ಅಂತಿದ್ದ. ಇದು ಕಾರಲ್ಲ, ನನ್ನ ಸವತಿ. ಮಾರಿ ಕೈ ತೊಳ್ಕೊಂಡ್ರೆ ಸಾಕಾಗಿದೆ. ಆದ್ರೂ ಯಾಕೆ ಹಾಗೆ ಮಾಡಿದ ಅನ್ನೋದು ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ ನೋಡು.”

“ಪೆಟ್ಟು ಎಲ್ಲಿ ಬಿತ್ತು ಅಂತಲಾದ್ರೂ ಹೇಳಿದ್ರಾ?”

“ಜಿಂಕೆ ಅಡ್ಡ ಬಂತು, ಚರಂಡಿಗೆ ಇಳಿದೆ, ಮೂತಿಗೆ ಸ್ವಲ್ಪ ತರಚಿತು ಅಂದ. ಹಣೆ ಮೇಲೆ ಒಂದು ಗೀರು ಬಿಟ್ರೆ ಅವನಿಗೇನೂ ಆಗಿರಲಿಲ್ಲ. ನಾನು ಕೋಪದಲ್ಲಿದ್ದೆ, ಅವನ ಅಂಗಡಿ ಕಡೆ ತಲೆ ಹಾಕಿ ಮಲಗಲೂ ಇಲ್ಲ.”

ಮೂತಿಗೆ ಸ್ವಲ್ಪ ತರಚಿದ ಗಾಡಿಯನ್ನು ಯಾವ ವಿಮೆಯವನೂ ಗುಜರಿ ಅನ್ನುವುದಿಲ್ಲ. ಮೆರಿಲ್‌ನ ಕಿವಿ ನೆಟ್ಟಗಾಯಿತು. ಅವನಿಗೆ ಕುತೂಹಲ ಕೆರಳಿತು ಅಂದರೆ ಊಟ ನಿದ್ದೆ ಎರಡೂ ಅಷ್ಟಕ್ಕಷ್ಟೇ. ಕೋಟು ತೆಗೆದು ಗೋಡೆಗೆ ನೇತುಹಾಕಿದ.

ಜೇಬಿನಿಂದ ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಮೂತಿಯಿಂದಲೇ ಶುರುಮಾಡಿದ. ತಗಡು ಹಾಳಾಗಿ ಮೇಲೆ ಮೆತ್ತುಗಾರೆ ಹಚ್ಚಿದ್ದರೆ ಅಯಸ್ಕಾಂತ ಅಲ್ಲಿ ಕಚ್ಚುವುದಿಲ್ಲ, ಅಷ್ಟೇ ಲೆಕ್ಕ. ಎಂಜಿನ್ ಮುಚ್ಚಳದ ಮೇಲೆ ಇಟ್ಟ. ಜಾರಿ ಬಿತ್ತು. ಇನ್ನೊಂದು ಕಡೆ ಇಟ್ಟ. ಅಲ್ಲೂ ಬಿತ್ತು.

“ಸಿಕ್ತಮ್ಮ! ಮುಚ್ಚಳ ಪೂರ್ತಿ ಮೆತ್ತುಗಾರೆ!”

ಸಿಗ್ನಿಯಮ್ಮ ಬೆತ್ತದ ಕುರ್ಚಿಯಲ್ಲಿ ಕೂತಲ್ಲೇ ಕಿಸಕ್ಕನೆ ನಕ್ಕಳು. “ಆ ಮೂರು ಜನರೂ ಅಲ್ಲೇ ಕುಣಿದಿದ್ದು. ಅದು ಅಲ್ಯೂಮಿನಿಯಂ ಕಣಪ್ಪ. ಕಾರ್ಖಾನೆಯಿಂದಲೇ ಹಾಗೆ ಬಂದಿದೆ ಅಂತ ಆರ್ವಿಡ್ ಹೇಳ್ತಿದ್ದ. ಮೂವತ್ತು ವರ್ಷ ಏನು ನೋಡ್ಕೊಂಡು ಬಂದೆ ನೀನು?”

“ಪಿಕಪ್ ಟ್ರಕ್ಕು,” ಅಂದ ಮೆರಿಲ್. ಕಿವಿಯವರೆಗೂ ಕೆಂಪಾಗಿದ್ದ.

ಮುಚ್ಚಳ ಎತ್ತಿ ಒಳಗೆ ದೀಪ ಬಿಟ್ಟು ನೋಡಿದ. ಮೂತಿಯ ತಗಡುಗಳು ಹುಟ್ಟಿದಾಗಿನವೇ. ಬೆಸುಗೆಯ ಚುಕ್ಕಿಗಳು ಒಂದು ಅಲ್ಲಿ, ಒಂದು ಇಲ್ಲಿ, ಎರಡು ಮೈಮೇಲೆ ಮೈ. ಊಟದ ಗಂಟೆ ಹೊಡೆಯುವ ಮೊದಲು ಮುಗಿಸಿಬಿಡೋಣ ಅಂತ ಯಾವನೋ ಕಾರ್ಮಿಕ ಅವಸರದಲ್ಲಿ ಹಾಕಿದ್ದು. ಒಂದು ಮೂಲೆಯಲ್ಲಿ ಬಣ್ಣ ಇಳಿದು ಗಟ್ಟಿಯಾದ ಹನಿ ಹಾಗೇ ಇತ್ತು. ಇಲ್ಲಿ ಯಾರ ಕೈಯೂ ಆಡಿಲ್ಲ. ಅಂದರೆ ಜಿಂಕೆಯ ಕಥೆ ಬರೀ ಓಳು.

ಆಮೇಲೆ ಬಾಗಿಲು ನೋಡಿದ, ಹಿಂಭಾಗ ನೋಡಿದ, ಅಳತೆ ಪಟ್ಟಿ ಹಿಡಿದು ಮೂಲೆಯಿಂದ ಮೂಲೆಗೆ ಅಳೆದ. ಬೆರಳಿನ ಗೆಣ್ಣಿನಿಂದ ತಟ್ಟಿ ತಟ್ಟಿ ಸದ್ದು ಕೇಳಿದ. ಎಲ್ಲೂ ಏನೂ ಇಲ್ಲ. ಅಯಸ್ಕಾಂತ ಎಲ್ಲ ಕಡೆಯೂ ಟಕ್ಕನೆ ಕಚ್ಚಿತು. ಮಧ್ಯಾಹ್ನದ ಹೊತ್ತಿಗೆ ಮೆರಿಲ್‌ಗೆ ಸಿಟ್ಟು ಬರತೊಡಗಿತು, ಜೊತೆಗೆ ಸತ್ತವನ ಮೇಲೆ ಗೌರವವೂ ಬರತೊಡಗಿತು.

“ಬಾ, ಕಾಫಿ ಕುಡಿ,” ಅಂತ ಕರೆದಳು ಸಿಗ್ನಿಯಮ್ಮ. “ಹಸಿದ ಹೊಟ್ಟೇಲಿ ಕಣ್ಣು ಕಾಣಲ್ಲ.”

ಅಡುಗೆಮನೆಯ ಮೇಜಿನ ಮೇಲೆ ಕಸೂತಿ ಹಾಕಿದ ಬಿಳಿ ಬಟ್ಟೆ ಹಾಸಿತ್ತು. ಏಲಕ್ಕಿ ಬ್ರೆಡ್ಡು, ಬೆಣ್ಣೆ, ಒಗರು ಕಾಫಿ. ಮೆರಿಲ್ ಸಕ್ಕರೆ ಡಬ್ಬಿ ಎತ್ತಿದಾಗ ಅದರ ಕೆಳಗೆ ಅಂಗೈಯಗಲದ ಒಂದು ಕಪ್ಪು ಕಲೆ ಕಂಡಿತು.

“ಅದೇ ಕಾರಣ,” ಅಂದಳು ಸಿಗ್ನಿಯಮ್ಮ. “ಅವತ್ತು ಇಬ್ಬರೂ ಬೆಮಿಜಿಗೆ, ನನ್ನ ಅಕ್ಕನ ಮನೆಗೆ ಹೊರಟಿದ್ವಿ. ಆರ್ವಿಡ್ ಎಣ್ಣೆ ಮೆತ್ತಿದ ಕಾರ್ಬುರೇಟರ್ ತಂದು ಈ ಬಟ್ಟೆ ಮೇಲೆ ಇಟ್ಟ. ಅಮ್ಮ ಕೈಯಾರೆ ಕಸೂತಿ ಹಾಕಿದ್ದಪ್ಪ ಇದು! ನನಗೆ ಎಲ್ಲಿತ್ತೋ ಕೋಪ. ‘ಆ ಕಾರನ್ನೇ ಕಟ್ಕೊಂಡು ಸಾಯಿ, ನಾನು ಬರಲ್ಲ’ ಅಂದೆ. ಒಬ್ಬನೇ ಹೋದ. ಅವತ್ತೇ ಪೆಟ್ಟಾಗಿದ್ದು. ಆ ಮಾತನ್ನ ಮನಸ್ಸಲ್ಲಿಟ್ಕೊಂಡೇ ನನ್ನ ಮತ್ತೆ ಕೂರಿಸಲಿಲ್ಲ ಅಂತ ನನ್ನ ಲೆಕ್ಕ. ಒಂದು ಮಾತಿಗೆ ನಲವತ್ತು ವರ್ಷದ ಮುನಿಸು! ಅಷ್ಟು ಸಣ್ಣ ಮನಸ್ಸಿನವನಾ ಅವನು?” ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಸವರುತ್ತಾ ನಿಲ್ಲಿಸಿದಳು. “ಉಳಿದ ಯಾವುದರಲ್ಲೂ ಹಾಗಿರಲಿಲ್ಲ. ಅಷ್ಟು ಅಚ್ಚುಕಟ್ಟು ಮನುಷ್ಯ. ಕರ್ಚೀಫು ಮಡಚಿದ್ರೂ ಅಂಚಿಗೆ ಅಂಚು ಕೂಡಬೇಕು. ತೋಟದಲ್ಲಿ ಆಲೂಗಡ್ಡೆ ನೆಟ್ಟರೂ ದಾರ ಹಿಡಿದು, ಸ್ಕೇಲ್ ಇಟ್ಟು.”

ಮೆರಿಲ್‌ನ ಕೈಯಲ್ಲಿದ್ದ ಬಟ್ಟಲು ಬಾಯಿಯವರೆಗೆ ಹೋದದ್ದು ಅಲ್ಲೇ ನಿಂತಿತು.

ಛೆ, ಎಂಥ ದಡ್ಡ ನಾನು! ಬೆಳಗ್ಗೆಯಿಂದ ಮೆರಿಲ್ ಕೆಟ್ಟ ಕೆಲಸ ಹುಡುಕುತ್ತಿದ್ದ. ಮೂವತ್ತೊಂದು ವರ್ಷದ ಅಭ್ಯಾಸ. ಎಲ್ಲಿ ಒರಟು, ಎಲ್ಲಿ ಡೊಂಕು, ಎಲ್ಲಿ ಮೋಸ ಅಂತಲೇ ಕಣ್ಣು ಓಡುವುದು. ಈ ಮನುಷ್ಯನಿಗೆ ಕೆಟ್ಟ ಕೆಲಸ ಮಾಡಲು ಬರುತ್ತಲೇ ಇರಲಿಲ್ಲ. ಕಾರ್ಖಾನೆಯವನು ಅವಸರದವನು, ಆರ್ವಿಡ್ ದಾರ ಹಿಡಿದು ಆಲೂಗಡ್ಡೆ ನೆಡುವವನು. ಹಾಗಾದರೆ ಹುಡುಕಬೇಕಾದ್ದು ಎಲ್ಲಿ ತೀರಾ ಚೆನ್ನಾಗಿದೆ ಅನ್ನುವುದನ್ನು.

ಕಾಫಿ ಅಲ್ಲೇ ಬಿಟ್ಟು ಗ್ಯಾರೇಜಿಗೆ ಓಡಿದ. ಎಡಗಡೆ, ಚಾಲಕನ ಬದಿಯ ಕಾರ್ಪೆಟ್ಟು ಎತ್ತಿ ದೀಪ ಬಿಟ್ಟ. ನೆಲದ ತಗಡಿನ ಅಂಚಿನಲ್ಲಿ ಬೆಸುಗೆಯ ಚುಕ್ಕಿಗಳು ಕುಡುಕನ ಹೆಜ್ಜೆಯ ಹಾಗೆ ಅಡ್ಡಾದಿಡ್ಡಿ. ಕಾರ್ಖಾನೆಯವೇ. ಆಮೇಲೆ ಬೆಲ್ಟು ಬಿಚ್ಚಿ, ಆ ಭಾರದ ಪೆಟ್ಟಿಗೆಯನ್ನು ಏದುಸಿರು ಬಿಡುತ್ತಾ ಕೆಳಗಿಳಿಸಿ, ಬಲಗಡೆಯ ಸೀಟು ಕಳಚಿ, ಅಲ್ಲಿಯ ಕಾರ್ಪೆಟ್ಟು ಎತ್ತಿದ.

ಚುಕ್ಕಿಗಳು ಸಾಲಾಗಿ ನಿಂತಿದ್ದವು. ಅಳತೆ ಪಟ್ಟಿ ಇಟ್ಟು ನೋಡಿದ. ಒಂದೊಂದಕ್ಕೂ ನಡುವೆ ಸರಿಯಾಗಿ ಒಂದೂವರೆ ಇಂಚು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇಲ್ಲ. ಬಾಗಿಲ ಕೆಳಗಿನ ಪಟ್ಟಿ, ಬಾಗಿಲ ಕಂಬ, ನೆಲ, ಅಲ್ಲಿಂದ ಒಳಗೆ ಎರಡು ಸೀಟುಗಳ ನಡುವೆ ಉಬ್ಬಿದ ಏರಿನವರೆಗೆ ಒಂದೂವರೆ, ಒಂದೂವರೆ, ಒಂದೂವರೆ. ಏರು ದಾಟಿದ ಮೇಲೆ ಮತ್ತೆ ಕುಡುಕನ ಹೆಜ್ಜೆ ಶುರು. ಮೆರಿಲ್‌ಗೆ ಖುಷಿಯಿಂದ ಕೂಗಬೇಕು ಅನ್ನಿಸಿತು. ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಯಾವುದೋ ದೊಡ್ಡ ಗಾಡಿ ಬಲಗಡೆಯಿಂದ ಬಂದು ಹೊಡೆದಿದೆ. ಸೀಟು ಇದ್ದ ಜಾಗವನ್ನು ಪೂರ್ತಿ ತಿಂದುಕೊಂಡು ನಡುವಿನವರೆಗೆ ಬಂದು ನಿಂತಿದೆ. ಆ ಸೀಟಿನಲ್ಲಿ ಅವತ್ತು ಯಾರು ಕೂರಬೇಕಾಗಿತ್ತು ಅನ್ನುವುದನ್ನು ಐದು ನಿಮಿಷದ ಹಿಂದೆ ಕಾಫಿ ಕುಡಿಯುತ್ತಾ ಕೇಳಿ ಬಂದಿದ್ದ.

ಅಳತೆ ಪಟ್ಟಿ ಸುತ್ತಿಕೊಂಡ. ಹೇಳಿದರೆ ಈಯಮ್ಮ ಕಾರು ಕೊಡುವುದಿಲ್ಲ, ಯಾರು ತಾನೇ ಕೊಟ್ಟಾರು? ‘ಮೂತಿಗೆ ತರಚಿದ ಗುರುತು’ ಅಂತ ಬರೆದುಕೊಂಡು, ಹಣ ಕೊಟ್ಟು, ಸಂಜೆಯೊಳಗೆ ಸರೋವರದ ದಂಡೆಯ ರಸ್ತೆಯಲ್ಲಿ ಬುರ್ರನೆ ಹೋಗಬಹುದು. ಐವತ್ತು ವರ್ಷದ ಆಸೆ. ಆ ಯೋಚನೆ ಬಂದದ್ದು ನಿಜ, ಅವನೇನು ಸಾಧುವಲ್ಲ. ಆದರೆ ಗಂಟಲಲ್ಲಿ ಮುಳ್ಳು ಇಟ್ಟುಕೊಂಡು ಕೂತವಳ ಮುಂದೆ ಸುಳ್ಳು ಬರೆದು, ಅದೇ ಕಾರಲ್ಲಿ ಹಾಯಾಗಿ ಹೋಗುವುದು ಅವನಿಂದ ಆಗುವ ಕೆಲಸವಾಗಿರಲಿಲ್ಲ.

“ಸಿಗ್ನಿಯಮ್ಮ, ಸ್ವಲ್ಪ ಬನ್ನಿ.”

ಬಂದಳು. ಅವನು ದೀಪ ಹಿಡಿದು ಎಡಗಡೆ ತೋರಿಸಿದ, ಬಲಗಡೆ ತೋರಿಸಿದ. ಅವಳಿಗೆ ಏನೂ ಹೇಳಬೇಕಾಗಲಿಲ್ಲ.

“ಇದು ಅವನ ಕೈ,” ಅಂದಳು. “ಆಲೂಗಡ್ಡೆ ಸಾಲು.” ಆಮೇಲೆ ಮೆಲ್ಲಗೆ ಕೇಳಿದಳು, “ಎಷ್ಟು ಒಳಗೆ ಬಂದಿತ್ತು?”

ಮೆರಿಲ್ ನಡುವಿನ ಏರಿನ ಮೇಲೆ ಕೈ ಇಟ್ಟ.

ಸಿಗ್ನಿಯಮ್ಮ ಬಾಗಿಲಿನಿಂದ ಅವನ ಕೈಯವರೆಗಿನ ಜಾಗವನ್ನು ನೋಡಿದಳು. ಸೀಟು ತೆಗೆದಿದ್ದರಿಂದ ಅಲ್ಲಿ ಬರೀ ನೆಲವಿತ್ತು. ಕಾರಿನ ಅಂಚು ಹಿಡಿದುಕೊಂಡಳು.

“ಅಯ್ಯೋ ಮುಠ್ಠಾಳ!” ಅಂದಳು, ಗ್ಯಾರೇಜಿನ ಸೂರು ನೋಡಿಕೊಂಡು. “ಅಯ್ಯೋ ನನ್ನಪ್ಪಾ! ಒಂದು ಮಾತು ಹೇಳೋಕೆ ಏನು ಧಾಡಿಯಾಗಿತ್ತೋ ನಿಂಗೆ? ಮುನಿಸು ಅಂದ್ಕೊಂಡ್ನಲ್ಲೋ! ನಲವತ್ತು ವರ್ಷ ನಿನಗೆ ಮುಖ ಗಂಟು ಹಾಕ್ಕೊಂಡೇ ಅನ್ನ ಹಾಕಿದ್ನಲ್ಲೋ!” ಹೆದರಿದ್ದನೇ ಹೊರತು ಮುನಿದಿರಲಿಲ್ಲ ಆರ್ವಿಡ್. ತಾನೇ ಕೈಯಾರೆ ಗಟ್ಟಿ ಮಾಡಿದ ಜಾಗದಲ್ಲೂ ಹೆಂಡತಿಯನ್ನು ಕೂರಿಸಲು ಧೈರ್ಯ ಬಂದಿರಲಿಲ್ಲ. ಅವಳು ಅಳುತ್ತಲೇ ನಕ್ಕಳು, ನಗುತ್ತಲೇ ಇನ್ನೊಂದಿಷ್ಟು ಬೈದಳು. ಮೆರಿಲ್ ಗೋಡೆಯ ಕಡೆ ತಿರುಗಿ ಕೋಟು ಹುಡುಕುವವನ ಹಾಗೆ ನಿಂತ.

“ನಾನು ಹೊರಡ್ತೀನಮ್ಮ,” ಅಂದ. “ಇದು ಮನೆಯಲ್ಲೇ ಇರಬೇಕಾದ ಕಾರು.”

“ಎಲ್ಲಿಗೆ ಹೊರಡೋದು? ಮೊದಲು ಆ ಸೀಟು ವಾಪಸ್ ಕೂರಿಸು ಮಾರಾಯ.” ಅವಳು ಕಣ್ಣು ಒರೆಸಿಕೊಂಡು ಮನೆಯೊಳಗೆ ಹೋದಳು.

ಅವನು ಸೀಟಿನ ಕೊನೆಯ ಬೋಲ್ಟು ಬಿಗಿಯುವ ಹೊತ್ತಿಗೆ ತಿರುಗಿ ಬಂದಳು. ತಲೆಗೆ ಸ್ಕಾರ್ಫು ಕಟ್ಟಿದ್ದಳು. ಬಲಗಡೆಯ ಬಾಗಿಲು ತೆಗೆದು, ಸೊಂಟ ಹಿಡಿದುಕೊಂಡು ತಗ್ಗು ಸೀಟಿಗೆ ಇಳಿದು ಕೂತು, ಬೆಲ್ಟು ಹಾಕಿಕೊಂಡಳು.

“ನಡಿ. ಬೆಮಿಜಿ ದೂರ ಆಯ್ತು, ಲೈಟ್‌ಹೌಸ್‌ವರೆಗೆ ಹೋಗಿ ಬರೋಣ. ನಿಧಾನಕ್ಕೆ ಓಡಿಸಿದ್ಯೋ, ಬೈಸ್ಕೊಳ್ತೀಯ.”

ಹೋಗಿ ಬಂದರು. ಸರೋವರದ ಗಾಳಿಗೆ ಅವಳ ಮೂಗು ಕೆಂಪಾಗಿತ್ತು, ಸ್ಕಾರ್ಫು ಕತ್ತಿಗೆ ಜಾರಿತ್ತು. ಕಾರಿಂದ ಇಳಿಯದೆ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, “ಕೊಡು ಪೆನ್ನು. ನಿನ್ನ ಪದ್ಧತಿ ಪ್ರಕಾರ ಬರೀತೀನಿ,” ಅಂದಳು.

“ನಿಜವಾಗಲೂ ಮಾರ್ತೀರಾ?”

“ಮತ್ತಿನ್ನೇನು? ನನಗೆ ಬೇಕಾದ್ದು ಸಿಕ್ಕಿತು. ಕಾರು ತಗೊಂಡು ಹೋಗು. ಆ ಪೆಟ್ಟಿಗೆ ಮಾತ್ರ ಅಡುಗೆಮನೆಗೆ ತಂದಿಡು.”

ಅವನು ಪೆಟ್ಟಿಗೆ ಹೊತ್ತು ಒಳಗೆ ಇಟ್ಟು ಬರುವಷ್ಟರಲ್ಲಿ ಬರೆದು ಮುಗಿಸಿದ್ದಳು. ಇಸವಿ, ಬಣ್ಣ, ಬೆಲೆ ಎಲ್ಲ ಬರೆದಿದ್ದಳು. ಪೆಟ್ಟು ಬಿದ್ದ ಜಾಗ ಅನ್ನುವಲ್ಲಿ ಅವಳ ಓರೆ ಅಕ್ಷರದಲ್ಲಿ ಹೀಗಿತ್ತು:

‘ಬಲಗಡೆ ಬಾಗಿಲಿನಿಂದ ನಡುಮಧ್ಯದವರೆಗೆ. ಸೀಟಿನಲ್ಲಿ ಯಾರೂ ಇರಲಿಲ್ಲ.’