ಕುರ್ಚಿ ಹಿಡಿಸುವಷ್ಟು ಹಸಿರು

ನಕ್ಷೆ ಬರೆಯುವ ಕಚೇರಿಯಲ್ಲಿ ಅವಳ ಕೆಲಸ ಬಣ್ಣ ಹಚ್ಚುವುದು. ಓದು ಅರ್ಧಕ್ಕೇ ನಿಂತಿತ್ತು, ಮಾತು ಅದಕ್ಕೂ ಮೊದಲೇ ನಿಂತಿತ್ತು. ಎಲ್ಲರೂ ಅವಳನ್ನು ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ಸಾಲುಮನೆ ಕಟ್ಟುವವರು ನೆಲದ ಹತ್ತರಲ್ಲೊಂದು ಪಾಲನ್ನು ಹಸಿರಿಗೆ ಬಿಡಬೇಕೆಂಬುದು ನಿಯಮ. ಇಂಜಿನಿಯರ್ ಮಹಾ ಚಾಣಾಕ್ಷ. ನಕ್ಷೆಯಲ್ಲಿ ಮುಂದಿನ ಅಂಗಳದ ತುಂಬ ಎಂಟು ಕಾರು ನಿಲ್ಲಿಸಿ, ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ಸಂದಿಗೊಂದಿಗಳನ್ನೆಲ್ಲ ಕೂಡಿಸಿ, "ಹತ್ತರಲ್ಲೊಂದು ಸರಿಹೋಯ್ತು. ಹಚ್ಚಮ್ಮ ಹಸಿರು!" ಎಂದ.

ಅವಳು ಹಚ್ಚಿದಳು. ಮನಸ್ಸು ಮಾತ್ರ ಒಪ್ಪಲಿಲ್ಲ. ಅಲ್ಲಿ ಒಂದು ಮನೆ ಕೊಂಡಿದ್ದವಳು ಅವಳ ಅಜ್ಜಿ. ಮಂಡಿನೋವಿಗೆ ಬೆಳಗಿನ ಬಿಸಿಲಲ್ಲಿ ಕೂರಬಹುದೆಂಬ ಒಂದೇ ಆಸೆಗೆ.

ಗೋಡೆಗಳು ಎದ್ದ ಮೇಲೆ ನಗರ ಯೋಜನೆಯ ಅಧಿಕಾರಿ ಟೇಪು ಹಿಡಿದು ಬಂದರು. ಧಾರಾಳ ಮೈಕಟ್ಟು. ಅಜ್ಜಿ ತನ್ನ ಬೆತ್ತದ ಕುರ್ಚಿಯನ್ನು ಮೊಮ್ಮಗಳ ಕೈಲಿ ಹೊರಿಸಿಕೊಂಡು ಮೊದಲೇ ಹಾಜರಾಗಿದ್ದಳು.

"ತೋಟ ಎಲ್ಲಪ್ಪಾ?"

"ಇದೇ ಅಜ್ಜಿ," ಇಂಜಿನಿಯರ್ ಹಿಂಗೋಡೆಯ ಸಂದಿ ತೋರಿಸಿದ.

"ಇಲ್ಲಿ ಹಲ್ಲಿ ಕೂರುತ್ತೆ ಕಣೋ. ನಾನೆಲ್ಲಿ ಕೂರ್ಲಿ?"

ಕುರ್ಚಿ ಒಳಗೆ ಹೋಗಲೇ ಇಲ್ಲ.

"ನಿಯಮದಲ್ಲಿ ಕುರ್ಚಿ ಮಾತಿಲ್ಲಮ್ಮ, ಅಳತೆ ಅಷ್ಟೇ," ಎನ್ನುತ್ತ ಅಧಿಕಾರಿ ಅಡ್ಡಡ್ಡವಾಗಿ ನುಗ್ಗಿದರು. ನಾಲ್ಕೇ ಹೆಜ್ಜೆಗೆ ಸಿಕ್ಕಿಬಿದ್ದರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

"ಉಸಿರು ಬಿಡಿ ಸ್ವಾಮಿ, ಹೊಟ್ಟೆ ಇಳಿಯುತ್ತೆ," ಅಜ್ಜಿ ಧೈರ್ಯ ಹೇಳಿದಳು. ಇಂಜಿನಿಯರ್ ತೋಳು ಹಿಡಿದೆಳೆದ. ಅಂಗಿಯ ಎರಡು ಗುಂಡಿ ಒಳಗೇ ಉಳಿದವು.

ಈಚೆ ಬಂದ ಅಧಿಕಾರಿಯ ಮುಖ ಕೆಂಪೇರಿತ್ತು. "ನಾನೇ ಹಿಡಿಸದ ಜಾಗಕ್ಕೆ ಹಸಿರು ಅಂತ ಹೇಗ್ರೀ ರುಜು ಹಾಕ್ಲಿ?"

"ಬೇರೆ ಜಾಗ ಇಲ್ಲ ಸಾರ್."

ಪೆನ್ಸಿಲ್ ಇನ್ನೊಂದು ಹಾಳೆ ಚಾಚಿದಳು. ನಿಯಮ ಕೇಳಿದ್ದು ಐದೇ ಕಾರಿನ ಜಾಗ. ಉಳಿದ ಮೂರರ ಜಾಗವನ್ನು ಅವಳು ಬಿಸಿಲು ಬೀಳುವ ಮುಂದಿನ ಅಂಗಳದಲ್ಲಿ ಒಂದೇ ಚೌಕ ಮಾಡಿ ಹಸಿರು ತುಂಬಿದ್ದಳು. ಅಳತೆ ಅಷ್ಟೇ, ಚೂರುಗಳ ಬದಲು ಇಡೀ ತುಂಡು.

ಅಧಿಕಾರಿ ಎರಡೆರಡು ಸಲ ನೋಡಿ ರುಜು ಹಾಕಿದರು.

"ಮೂರು ಕಾರಿನ ಜಾಗ ಹೋಯ್ತು, ಕಟ್ಟಿಸೋ ಯಜಮಾನರು ನನ್ನ ಚರ್ಮ ಸುಲೀತಾರೆ," ಇಂಜಿನಿಯರ್ ಹಣೆ ಚಚ್ಚಿಕೊಂಡ.

"ಮೂರು ಮರಾನೂ ಬೇಕು, ನಿಯಮ," ಎನ್ನುತ್ತ ಅಧಿಕಾರಿ ಹಾಳೆಯ ಚೌಕದ ಪೂರ್ವದ ಅಂಚಿನಲ್ಲಿ ಮರಕ್ಕೊಂದು ಸುತ್ತು ಎಳೆಯತೊಡಗಿದರು.

"ಅಯ್ಯಯ್ಯೋ, ನನ್ನ ಬಿಸಿಲಿಗೇ ಅಡ್ಡ ನೆಡ್ತೀರಾ?" ಅಜ್ಜಿ ಕೂಗಿದಳು.

ಪೆನ್ನು ನಿಂತಿತು. ಕಚೇರಿಯವರು ಎಂದೂ ಕೇಳದ ದನಿಯೊಂದು ಎದ್ದಿತು:

"ಉತ್ತರಕ್ಕೆ ಹಾಕಿ ಸಾರ್. ನೆರಳು ಆ ಕಡೆ ನಿಲ್ಲೋ ಕಾರುಗಳ ಮೇಲೆ ಬೀಳುತ್ತೆ. ಯಜಮಾನರಿಗೂ ಖುಷಿ."